ಪುಟ್ಟ ಕೇಳಿದ್ದು

ಮೂಡಿಗೆರೆ
ಮಾರ್ಚ್ 23, 2025, ಭಾನುವಾರ, ರಾತ್ರಿ

"ಮಾವ, ನನ್ನ ವಯಸ್ಸಲ್ಲಿ ನಿಮಗೆ ಮುಂದೆ ಏನಾಗಬೇಕು ಅಂತ ಗೊತ್ತಿತ್ತಾ?" ಎಂದು ಪುಟ್ಟ ಇಂದು ಬೆಳಿಗ್ಗೆ ಕೇಳಿದ. ಗೊತ್ತಿತ್ತು ಎಂದರೆ ಸುಳ್ಳಾಗುತ್ತಿತ್ತು. ಗೊತ್ತಿರಲಿಲ್ಲ ಎಂದಷ್ಟೇ ಹೇಳಿ ಸುಮ್ಮನಾದರೆ ಮೊದಲೇ ದಿಗಿಲುಬಿದ್ದಿರುವ ಹುಡುಗ ಇನ್ನಷ್ಟು ಕುಗ್ಗುತ್ತಿದ್ದ. "ಯೋಚನೆ ಮಾಡಿ ಹೇಳ್ತೀನಿ ಇರು" ಎಂದೆ. ಅವನಿಗೆ ಹೇಳಬೇಕಾದದ್ದನ್ನು ಮೊದಲು ನನಗೆ ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬರುವ ಭಾನುವಾರ ಯುಗಾದಿ, ಅಷ್ಟರೊಳಗೆ, ತೋಟದ ಲೆಕ್ಕಪತ್ರ ನೋಡಿಕೋ ಎಂದಿರುವ ಚಿಕ್ಕಪ್ಪನಿಗೆ ನಾನು ಕೊಡಬೇಕಾಗಿರುವ ಉತ್ತರವೂ ಈ ಪ್ರಶ್ನೆಯೊಳಗೇ ಸೇರಿಕೊಂಡಿದೆ.

ಅವನ ದ್ವಿತೀಯ ಪಿಯುಸಿ ಪರೀಕ್ಷೆ ಈ ವಾರ ಮುಗಿಯಿತು. ಮುಂದಿನ ತಿಂಗಳ ನಡುವಿಗೆ ಸಿಇಟಿ. ಮಗ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಎಂಜಿನಿಯರಿಂಗ್ ಸೇರಲಿ ಎಂಬುದು ಅಕ್ಕನ ಆಸೆ, ಕೃಷಿ ಬಿ.ಎಸ್ಸಿ. ಆದರೆ ಒಳ್ಳೆಯದು ಎಂಬುದು ಭಾವನ ಮಾತು, ಮದುವೆ ಮನೆಯಲ್ಲಿ ಸಿಕ್ಕಿದ ನೆಂಟರದ್ದೆಲ್ಲ "ಮುಂದೇನು?" ಎಂಬ ಒಂದೇ ಮಾತು. ಆದರೆ ಪುಟ್ಟನನ್ನು ಕಾಡುತ್ತಿರುವುದು ಸೀಟಿನ ಚಿಂತೆಗಿಂತ ಆಳವಾದದ್ದು. ಜೀವನದ ಉದ್ದೇಶವೇ ಗೊತ್ತಿಲ್ಲದೆ ಕೋರ್ಸು ಆರಿಸಿಕೊಳ್ಳುವುದು ಹೇಗೆ ಎಂದು ಕಣ್ಣು ತುಂಬಿಕೊಂಡು ಕೇಳಿದವನನ್ನು, ವಯಸ್ಸಿನ ಹುಡುಗಾಟ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. ಎಷ್ಟೋ ಹಿರಿಯರು ಆ ಪ್ರಶ್ನೆಯನ್ನು ಕೇಳಿಕೊಳ್ಳುವ ಧೈರ್ಯ ಮಾಡದೆ ನಿವೃತ್ತರಾಗಿರುವುದನ್ನು ನಾನು ಕಂಡಿದ್ದೇನೆ.

ಅವನು ನೋಟ್‌ಬುಕ್ಕಿನಲ್ಲಿ ಒಂದು ಚಿತ್ರ ಬರೆದುಕೊಂಡಿದ್ದಾನೆ. ಒಂದಕ್ಕೊಂದು ಹೆಣೆದುಕೊಂಡ ನಾಲ್ಕು ವೃತ್ತಗಳು: ನನಗೆ ಇಷ್ಟವಾದದ್ದು, ನನಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ದುಡ್ಡು ತರುವುದು. ನಾಲ್ಕೂ ಕೂಡುವ ನಡುಜಾಗಕ್ಕೆ 'ಇಕಿಗಾಯ್', ಅಂದರೆ ಬದುಕಲು ಕಾರಣ, ಎಂದು ಹೆಸರು. ಇದು ಜಪಾನಿನವರ ಪುರಾತನ ಗುಟ್ಟು ಎಂದು ಯಾವುದೋ ವಿಡಿಯೊ ಹೇಳಿದೆಯಂತೆ. ಮೂರು ವೃತ್ತಗಳಲ್ಲಿ ಪೆನ್ಸಿಲ್ಲಿನಿಂದ ಬರೆದು ಅಳಿಸಿದ ಗುರುತುಗಳಿದ್ದವು, ನಡುಜಾಗ ಮಾತ್ರ ಖಾಲಿ ಇತ್ತು, ಮತ್ತು ಆ ಖಾಲಿ ಜಾಗವೇ ತನ್ನ ಬದುಕಿನ ಕೊರತೆ ಎಂದು ಅವನು ನಂಬಿಬಿಟ್ಟಿದ್ದಾನೆ.

ಇದರ ಬಗ್ಗೆ ನನಗೆ ತಿಳಿದಿದ್ದುದನ್ನು ಅವನಿಗೆ ಹೇಳಿದೆ. ಆ ನಾಲ್ಕು ವೃತ್ತಗಳನ್ನು ಬರೆದವನು ಆಂದ್ರೆಸ್ ಸುಸುನಾಗಾ ಎಂಬ ಸ್ಪೇನಿನ ಜ್ಯೋತಿಷಿ, ಅದೂ ಹದಿನೈದು ವರ್ಷದೊಳಗಿನ ಮಾತು. 2014ರಲ್ಲಿ ಮಾರ್ಕ್ ವಿನ್ ಎಂಬವನು ಆ ಚಿತ್ರದ ನಡುವೆ ಜಪಾನಿನ ಹೆಸರನ್ನು ಕೂರಿಸಿದ ಮೇಲೆ ಅದು ಲೋಕವೆಲ್ಲ ಹರಡಿತು. ಜಪಾನಿನಲ್ಲಿ ಈ ವಿಷಯವನ್ನು ಆಳವಾಗಿ ಯೋಚಿಸಿ 1966ರಲ್ಲಿ ಪುಸ್ತಕ ಬರೆದವರು ಮಿಯೆಕೊ ಕಾಮಿಯಾ ಎಂಬ ಮನೋವೈದ್ಯೆ. ನಾಗಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡುತ್ತಿದ್ದರು. ಮನೆ, ಉದ್ಯೋಗ, ನೆಂಟಸ್ತನ ಎಲ್ಲವನ್ನೂ ಕಳೆದುಕೊಂಡು ಅಲ್ಲಿ ಬಂದು ಸೇರಿದವರಲ್ಲಿ ಕೆಲವರು ಬದುಕಿನಲ್ಲಿ ಇನ್ನೇನೂ ಉಳಿದಿಲ್ಲವೆಂದು ಕೊರಗುತ್ತಿದ್ದರು, ಅದೇ ಕಾಯಿಲೆ ಮತ್ತು ಅದೇ ಗೋಡೆಗಳ ನಡುವೆ ಇದ್ದ ಬೇರೆ ಕೆಲವರು ಬದುಕನ್ನು ಬೆಲೆಯುಳ್ಳದ್ದಾಗಿ ಬಾಳುತ್ತಿದ್ದರು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಆಕೆಯ ಪ್ರಶ್ನೆ. ಆ ರೋಗಿಗಳ ಪಾಲಿಗೆ ದುಡ್ಡು ತರುವ ವೃತ್ತ ಎಲ್ಲಿತ್ತು? ಲೋಕ ಅವರನ್ನು ಬೇಕು ಎಂದಿತ್ತೇ? ಪುಟ್ಟ ನೋಟ್‌ಬುಕ್ಕು ಮುಚ್ಚಲಿಲ್ಲ, ಆದರೆ ತುಂಬ ಹೊತ್ತು ಮಾತಾಡದೆ ಅದನ್ನೇ ನೋಡುತ್ತ ಕುಳಿತಿದ್ದ.

ನನ್ನ ಪಿಯುಸಿ ಕಾಲಕ್ಕೆ ನಮ್ಮ ಮನೆಯಲ್ಲಿ ದಿಕ್ಕು ತೋರಿಸಿದ್ದು ಕಾಫಿಯ ಬೆಲೆ. 2001-02ರಲ್ಲಿ ಬೆಲೆ ನೆಲಕಚ್ಚಿ, ಕೊಯ್ದ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಒಣಗಿದ್ದನ್ನು ನಮ್ಮ ಕಡೆಯವರು ಯಾರೂ ಮರೆತಿಲ್ಲ. "ತೋಟ ನಂಬಬೇಡ, ಓದಿ ಎಲ್ಲಾದರೂ ಸೇರಿಕೋ" ಎಂದು ಅಪ್ಪ ಹೇಳಿದರು, ಚಿಕ್ಕಪ್ಪ ತನ್ನ ಮಕ್ಕಳಿಗೂ ಅದನ್ನೇ ಹೇಳಿದರು, ಊರಿನ ಅರ್ಧದಷ್ಟು ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು. ಈ ವರ್ಷ ಕಾಫಿಗೆ ಯಾರೂ ಕಂಡು ಕೇಳರಿಯದ ಬೆಲೆ ಬಂದಿದೆ. ಚಿಕ್ಕಪ್ಪನ ಮಗ ಮೊನ್ನೆ ಫೋನು ಮಾಡಿ, ಕೆಲಸ ಬಿಟ್ಟು ಬಂದು ತೋಟ ನೋಡಿಕೊಳ್ಳುವುದೇ ತನ್ನ ನಿಜವಾದ ಬದುಕು ಎಂದು ಬಹಳ ಭಾವುಕನಾಗಿ ಮಾತಾಡಿದ. ಅವನ ಮಾತು ಪ್ರಾಮಾಣಿಕವಾಗಿಯೇ ಇತ್ತು. ಆದರೂ ನನ್ನ ಮನಸ್ಸಿಗೆ ತಳಮಳವಾಯಿತು, ಏಕೆಂದರೆ ಬೆಲೆ ಇಳಿದ ವರ್ಷ ಆ ನಿಜವಾದ ಬದುಕು ಎಲ್ಲಿ ಹೋಗುತ್ತದೆ ಎಂದು ಅವನು ತನ್ನನ್ನು ತಾನು ಕೇಳಿಕೊಂಡಂತೆ ನನಗೆ ಕಾಣಲಿಲ್ಲ. ಅಪ್ಪನ ಮಾತನ್ನು ನಾನು ದೂರುವುದಿಲ್ಲ, ಆ ವರ್ಷ ಮನೆಯ ಸಾಲ ನೋಡಿದವರು ಇನ್ನೇನು ಹೇಳಲು ಸಾಧ್ಯವಿತ್ತು? ಹೊಟ್ಟೆಪಾಡಿನ ದಾರಿಯನ್ನು ಬೆಲೆ ತೋರಿಸಬಹುದು, ತೋರಿಸಲೂ ಬೇಕು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು ಎಂಬುದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಕರೆಂಟು ಹೋಗಿ ಈಗ ಬಂತು. ನರ್ಸರಿಯ ವಿಷಯ ಬರೆಯಬೇಕು.

ಚಿಕ್ಕಪ್ಪ ಈ ಸಲ ಎಸ್. 795 ಎಂಬ ಕಾಫಿ ಬೀಜ ಹಾಕಿಸಿದ್ದಾರೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ತಳಿ ಅದು. 1925ರಲ್ಲಿ ಶುರುವಾದ ಆ ಕೇಂದ್ರಕ್ಕೆ ಈ ವರ್ಷ ನೂರು ತುಂಬುತ್ತದೆ. ಬಿತ್ತಿ ಒಂದೂವರೆ ತಿಂಗಳಾದ ಮೇಲೆ ಮೊಳಕೆ ತನ್ನ ಬೀಜವನ್ನೇ ತಲೆಯ ಮೇಲೆ ಹೊತ್ತು ಮೇಲೇಳುತ್ತದೆ, ಅದನ್ನೇ ನಮ್ಮಲ್ಲಿ ಟೋಪಿ ಎನ್ನುವುದು. ಟೋಪಿ ಬಿಚ್ಚಿ ಎಲೆ ಅಗಲಿಸುವ ಮೊದಲೇ ಪಾತಿಯಿಂದ ಕಿತ್ತು, ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿದ ಚೀಲಗಳಿಗೆ ಕೂರಿಸಿದರೆ ಒಳ್ಳೆಯದು ಎಂದು ಭಾನುವಾರವೂ ಲೈನಿನ, ಅಂದರೆ ತೋಟದ ಕೂಲಿಯವರ ಸಾಲುಮನೆಯ, ಅಜ್ಜಿ ಕೆಲಸಕ್ಕೆ ಬಂದಿದ್ದರು. ನಾನೂ ಪುಟ್ಟನೂ ಅವರ ಎದುರು ಕುಳಿತೆವು.

ಅವರ ಕೈ ನೋಡಬೇಕು. ಬಲಗೈಯಲ್ಲಿ ಮೊನೆಯಾದ ಕಡ್ಡಿ, ಎಡಗೈಯ ಎರಡು ಬೆರಳ ನಡುವೆ ಮೊಳಕೆ. ಕಡ್ಡಿಯಿಂದ ಚೀಲದ ನಡುವೆ ತೂತು ಮಾಡಿ, ಮೊಳಕೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ತಾಯಿಬೇರನ್ನು ತಲೆಯಿಂದ ತುದಿಯವರೆಗೆ ಒಮ್ಮೆ ನೋಡುತ್ತಾರೆ. ನೆಟ್ಟಗಿದ್ದರೆ ತೂತಿಗಿಳಿಸಿ, ಬೇರು ಮಡಚದಂತೆ ತುಸು ಮೇಲಕ್ಕೆಳೆದು, ಸುತ್ತ ಮಣ್ಣು ಒತ್ತುತ್ತಾರೆ. ಡೊಂಕಾಗಿದ್ದರೆ ಪಕ್ಕಕ್ಕೆ ಎಸೆಯುತ್ತಾರೆ. ಮೇಲುಗಡೆ ಎಷ್ಟೇ ಚೆಂದವಾಗಿರಲಿ, ಎಸೆಯುತ್ತಾರೆ. ಅವರ ಪಕ್ಕದಲ್ಲಿ ಬಾಡತೊಡಗಿದ್ದ ಮೊಳಕೆಗಳ ಸಣ್ಣ ಗುಡ್ಡೆಯೊಂದು ಇತ್ತು.

ಪುಟ್ಟ ಆ ಗುಡ್ಡೆಯಿಂದ ಒಂದನ್ನೆತ್ತಿ, "ಇದು ಚೆನ್ನಾಗೇ ಇದೆಯಲ್ಲ ಅಜ್ಜಿ?" ಎಂದ.

"ನಾಕು ವರ್ಷ ಚೆನ್ನಾಗೇ ಇರ್ತದೆ ಕಣಪ್ಪ. ಫಸಲು ಹಿಡಿಯೋ ಹೊತ್ತಿಗೆ ಕೈ ಕೊಡ್ತದೆ."

"ಅಷ್ಟರಲ್ಲಿ ಯಾರು ನೆಟ್ಟಿದ್ದು ಅಂತ ಯಾರಿಗೆ ನೆನಪಿರುತ್ತೆ?"

ಅಜ್ಜಿ ತಲೆಯೆತ್ತಲಿಲ್ಲ. "ಅದೆಲ್ಲ ನಂಗೊತ್ತಿಲ್ಲ. ಡೊಂಕು ಬೇರು ಕಂಡ್ರೆ ಕೈ ಮುಂದಕ್ಕೆ ಹೋಗಲ್ಲ, ಅಷ್ಟೇಯ" ಎಂದರು.

ನರ್ಸರಿ ಕೆಲಸವೆಂದರೆ ನಿಮಗೆ ಮೊದಲಿನಿಂದಲೂ ಇಷ್ಟವೇ ಎಂದು ನಾನು ಕೇಳಿದೆ. ಇಷ್ಟದ ಮಾತೇ ಇಲ್ಲವಂತೆ. ಬಯಲುಸೀಮೆಯಿಂದ ಗಂಡನ ಹಿಂದೆ ಬಂದವರು, ಮೊದಲು ಹಣ್ಣು ಕೊಯ್ದರು, ಆಮೇಲೆ ಕಳೆ ತೆಗೆದರು, ಸೊಂಟ ನೋವು ಹೆಚ್ಚಿದಾಗ ಮೇಸ್ತ್ರಿ ಕುಳಿತು ಮಾಡುವ ಕೆಲಸವೆಂದು ಇಲ್ಲಿಗೆ ಹಾಕಿದ. "ಇಲ್ಲಿ ಕೂತ್ಮೇಲೆ ಗೊತ್ತಾತು ಮೇಷ್ಟ್ರೇ, ಬೇರೆಯೋರು ಹೆಂಗೆಂಗೋ ತುರುಕೋದು ನೋಡಾಕೆ ಆಗಲ್ಲ ನಂಗೆ ಅಂತ." ಆ ಕೆಲಸವನ್ನು ಅವರು ಆರಿಸಿಕೊಂಡವರಲ್ಲ, ಅದು ಬಿಟ್ಟರೆ ಬೇರೆಯದನ್ನು ಆರಿಸಿಕೊಳ್ಳುವ ಅವಕಾಶವೂ ಅವರಿಗಿರಲಿಲ್ಲ, ಮತ್ತು ಆ ಅನ್ಯಾಯವನ್ನು ನಾನು ಅವರ ಕುಶಲತೆಯ ಹೊಗಳಿಕೆಯಲ್ಲಿ ಮುಚ್ಚಿಹಾಕಬಾರದು. ಆದರೂ ಯಾವುದು ತನ್ನಿಂದ ಕೆಡಬಾರದು ಎಂಬುದು ಅವರಿಗೆ ಗೊತ್ತಿರುವಷ್ಟು ಖಚಿತವಾಗಿ ನನ್ನ ಜೊತೆ ಓದಿದವರಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ತಿಳಿಯದು.

ಪುಟ್ಟನಿಗೆ ಹೇಳಬೇಕಾದ ಉತ್ತರ ನನಗೆ ಅಲ್ಲಿ ಹೊಳೆಯಿತು. ನನಗೇನು ಇಷ್ಟ ಎಂದು ಕೇಳಿಕೊಂಡರೆ ಹದಿನೆಂಟರ ವಯಸ್ಸಿನಲ್ಲಿ ಮನಸ್ಸು ದಿನಕ್ಕೊಂದು ಹೇಳುತ್ತದೆ. ಯಾವ ಕೆಲಸ ಕೆಟ್ಟದಾಗಿ ನಡೆಯುವುದನ್ನು ನಾನು ಸುಮ್ಮನೆ ನೋಡಿಕೊಂಡಿರಲಾರೆ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದರೆ ಅದನ್ನು ತಿಳಿಯಲು ಮೊದಲು ಯಾವುದಾದರೂ ಕೆಲಸದ ಮುಂದೆ ಹೋಗಿ ಕೂರಬೇಕಾಗುತ್ತದೆ, ಮನೆಯಲ್ಲಿ ಕುಳಿತು ವೃತ್ತ ಬರೆದರೆ ಅದು ಕಾಣಿಸುವುದಿಲ್ಲ. ಕೋರ್ಸು ಎಂದರೆ ಹಾಗೆ ಹೋಗಿ ಕೂರುವ ಒಂದು ಜಾಗ ಮಾತ್ರ.

ನನಗೆ ಅದು ಕಂಡದ್ದು ತರಗತಿಯಲ್ಲಿ. ಬೆಲೆಯ ಭಯದಿಂದ ಓದಿ, ಬೇರೇನೂ ತೋಚದೆ ಎಂ.ಕಾಂ. ಮಾಡಿ, ಅತಿಥಿ ಉಪನ್ಯಾಸಕನಾದವನು ನಾನು. ಲೈನ್ ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗಿ, ಲೆಕ್ಕಶಾಸ್ತ್ರದಲ್ಲಿ ತರಗತಿಗೇ ಹೆಚ್ಚು ಅಂಕ ಪಡೆಯುತ್ತಿದ್ದವಳು, ಒಂದು ಸಂಜೆ ಅಮ್ಮನ ಬಟವಾಡೆಯ ಚೀಟಿಗಳನ್ನೂ ಮುಂಗಡದ ಪುಸ್ತಕವನ್ನೂ ತಂದು ಮೇಜಿನ ಮೇಲಿಟ್ಟು, "ಸರ್, ಇದರಲ್ಲಿ ನಮ್ಮದು ಎಷ್ಟು ಬಾಕಿ ಅಂತ ಹೇಗೆ ನೋಡೋದು?" ಎಂದಳು. ಡೆಬಿಟ್ಟು ಕ್ರೆಡಿಟ್ಟಿನ ನಿಯಮಗಳನ್ನು ಕಣ್ಣು ಮುಚ್ಚಿ ಒಪ್ಪಿಸಬಲ್ಲವಳಿಗೆ ತನ್ನ ಅಮ್ಮನ ಕೂಲಿಯ ಲೆಕ್ಕ ಓದಲು ಬರುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಪಠ್ಯದ ಮುಂದಿನ ಅಧ್ಯಾಯವನ್ನು ತೆರೆಯಲು ನನ್ನಿಂದ ಆಗಲಿಲ್ಲ, ಆ ವಾರವೆಲ್ಲ ಮುಂಗಡ, ಕಡಿತ, ಬಾಕಿ ಎಂದು ನಿಜವಾದ ಪುಸ್ತಕಗಳನ್ನೇ ಇಟ್ಟುಕೊಂಡು ಪಾಠ ಮಾಡಿದೆವು. ಒಂದು ವಾರದ ಕಡಿತ ಮುಂದಿನ ಪುಟಕ್ಕೆ ಏರದೆ ಬಿಟ್ಟುಹೋಗಿದ್ದನ್ನು ಕೊನೆಗೆ ಅವಳೇ ಪತ್ತೆಹಚ್ಚಿದಳು, ತೋರಿಸಿದಾಗ ತೋಟದ ಲೆಕ್ಕ ಬರೆಯುವ ರೈಟರ್ ತಕ್ಷಣ ಸರಿಮಾಡಿಕೊಟ್ಟರು. ಹಣ ದೊಡ್ಡದಿರಲಿಲ್ಲ. ಯಾರ ಬಗ್ಗೆ ಲೆಕ್ಕ ಬರೆಯಲಾಗಿದೆಯೋ ಅವರಿಗೆ ಅದನ್ನು ಓದಲು ಬರಬೇಕು ಎಂಬುದರ ಮೇಲೆ ನನ್ನ ಉಳಿದ ಆಯಸ್ಸನ್ನು ಖರ್ಚು ಮಾಡಬಹುದು ಎಂದು ನನಗೆ ಅಂದಿನಿಂದ ಅನಿಸುತ್ತ ಬಂದಿದೆ.

ಇಷ್ಟು ಗೊತ್ತಿದ್ದರೆ ಸಾಕೇ? ಸಾಲದು. ಪ್ರತಿ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕಾಯುವಿಕೆ, ರಜೆಯ ತಿಂಗಳುಗಳಲ್ಲಿ ಗೌರವಧನವಿಲ್ಲ. ದಿಕ್ಕು ತಿಳಿದವನಿಗೂ ಮನೆಬಾಡಿಗೆ ಬಿಡುವುದಿಲ್ಲ. ಉದ್ದೇಶ ಸಿಕ್ಕಿಬಿಟ್ಟರೆ ಬಾಕಿ ಎಲ್ಲವೂ ತಾನಾಗಿ ಒದಗಿ ಬರುತ್ತದೆ ಎಂದು ಪುಟ್ಟನಿಗೆ ಹೇಳುವ ವಿಡಿಯೊಗಳ ಮೇಲೆ ನನಗೆ ಸಿಟ್ಟು ಬರುವುದು ಈ ಕಾರಣಕ್ಕೆ. ನಾಲ್ಕು ವೃತ್ತಗಳಲ್ಲಿ ಒಂದು ಕೂಡದೆ ಹೊರಗೇ ಉಳಿದರೂ ಮನುಷ್ಯ ಬಾಳಬೇಕು, ದುಡಿಯಬೇಕು, ಮಕ್ಕಳ ಫೀಸು ಕಟ್ಟಬೇಕು.

ಚಿಕ್ಕಪ್ಪ ತೋಟದ ಲೆಕ್ಕಪತ್ರ ಪೂರ್ತಿ ನೋಡಿಕೋ, ವರ್ಷದ ಹನ್ನೆರಡು ತಿಂಗಳೂ ಸಂಬಳ ಕೊಡುತ್ತೇನೆ ಎಂದಿದ್ದಾರೆ. ನನ್ನವಳು ಒಪ್ಪಿಕೊಳ್ಳಿ ಎನ್ನುತ್ತಾಳೆ, ಅವಳ ಮಾತಿನಲ್ಲಿ ನ್ಯಾಯವಿದೆ. ಕಾಲೇಜು ಬಿಟ್ಟರೆ ನನ್ನ ಕೆಲಸ ಬಿಟ್ಟಂತಾಗುತ್ತದೆಯೇ ಎಂದು ಇಷ್ಟು ದಿನ ಅಂಜುತ್ತಿದ್ದೆ. ಇಂದು ಬರೆಯುತ್ತ ಬರೆಯುತ್ತ ಬೇರೊಂದು ಯೋಚನೆ ಬಂದಿದೆ. ಒಪ್ಪಿಕೊಳ್ಳುವುದಾದರೆ ಬಟವಾಡೆಯ ದಿನ ಪ್ರತಿಯೊಬ್ಬರ ಬಾಕಿಯನ್ನೂ ಅವರ ಎದುರೇ ಓದಿ ಹೇಳಿ, ಕನ್ನಡದಲ್ಲಿ ಬರೆದು ಅವರ ಕೈಗೇ ಕೊಡಲು ಬಿಡಬೇಕು ಎಂದು ಚಿಕ್ಕಪ್ಪನಿಗೆ ಮೊದಲೇ ಹೇಳಬೇಕು. ಅವರು ಒಳ್ಳೆಯವರು, ಆದರೆ ಅಕ್ಕಪಕ್ಕದ ತೋಟದವರು ಏನೆನ್ನುತ್ತಾರೋ ಎಂದು ಹಿಂಜರಿಯಬಹುದು. ಹಾಗೆ ಹಿಂಜರಿದರೆ ನಾನು ಒಪ್ಪಿಕೊಳ್ಳುವುದು ಕಷ್ಟ. ಒಪ್ಪಿದರೂ ಈ ವರ್ಷದ ಎರಡನೇ ವರ್ಷದ ಮಕ್ಕಳನ್ನು ಅರ್ಧಕ್ಕೆ ಬಿಟ್ಟು ಹೋಗಲಾರೆ, ಅವರ ಪರೀಕ್ಷೆ ಮುಗಿಯುವವರೆಗೆ ಸಂಜೆಯ ಹೊತ್ತು ಮಾತ್ರ ತೋಟಕ್ಕೆ ಬರುತ್ತೇನೆ ಎಂದೂ ಅವರಿಗೆ ಹೇಳಬೇಕು.