ಡಾಲ್ಫಿನ್ ಬಾಲ ಯಾಕೆ ಅಡ್ಡ?

ಗೋವಾಕ್ಕೆ ಹೋದವರು ಬೀಚು, ಚರ್ಚು, ಫೆನಿ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನಾನು ಡಾಲ್ಫಿನ್ ಬೆನ್ನಿನ ಬಗ್ಗೆ ಬರೆಯುತ್ತೇನೆ. ಈ ಸಲ ನನಗೆ ದಕ್ಕಿದ್ದು ಅದೇ.

ಧಾರವಾಡದಿಂದ ಅಕ್ಕ, ಭಾವ, ಅವರ ಮಗಳು ಮತ್ತು ನಾನು ಕಾರಿನಲ್ಲಿ ಹೊರಟಿದ್ದೆವು. ಅನಮೋಡ ಘಾಟಿನ ತಿರುವುಗಳಲ್ಲಿ ಅಕ್ಕನಿಗೆ ಹೊಟ್ಟೆ ತೊಳಸಿದ್ದು ಬಿಟ್ಟರೆ ದಾರಿಯಲ್ಲಿ ಹೇಳುವಂಥದ್ದು ಏನೂ ಇಲ್ಲ. ಪಣಜಿಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಮಾಂಡವಿ ಸೇತುವೆ ದಾಟಿ ಕೊಕೊ ಬೀಚಿಗೆ ಹೋದೆವು. ನೆರೂಲ್ ಹೊಳೆ ಮಾಂಡವಿಯನ್ನು ಸೇರುವ ಜಾಗ ಅದು. ಈಜೋಕೆ ಅಂಥಾ ಚೆಂದವೇನಲ್ಲ. ಆದರೆ ಡಾಲ್ಫಿನ್ ತೋರಿಸುವ ದೋಣಿಗಳು ಸಾಲಾಗಿ ನಿಂತಿರುತ್ತವೆ. ‘ಡಾಲ್ಫಿನ್ ಕಾಣದಿದ್ದರೆ ದುಡ್ಡು ಬೇಡ’ ಅನ್ನೋದು ಅಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು.

ಲೈಫ್ ಜಾಕೆಟ್ ಹಂಚುತ್ತಿದ್ದ ಹುಡುಗ ವಿಜಯಪುರದ ಕಡೆಯವನು. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಡ, ‘ಬರ್ರಿ ಅಕ್ಕಾರ, ಈ ಕಡೆ ಕುಂದರ್ರಿ, ಬಿಸಲ ಹತ್ತಂಗಿಲ್ಲ’ ಅಂದ. ಗೋವಾದಲ್ಲಿ ಇದೊಂದು ಸುಖ. ಎಲ್ಲಿ ಹೋದರೂ ನಮ್ಮ ಕಡೆಯವರು ಒಬ್ಬರಾದರೂ ಸಿಗುತ್ತಾರೆ.

ಅಗ್ವಾಡ ಕೋಟೆಯ ಹಳೇ ಜೈಲು ಕಾಣುವಷ್ಟು ದೂರ ಹೋಗಿ ಎಂಜಿನ್ ನಿಲ್ಲಿಸಿದರು. ಕಣ್ಣಿಗಿಂತ ಮೊದಲು ಕಿವಿಗೆ ಸಿಕ್ಕಿತು: ‘ಫುಸ್’. ಉಸಿರು ಬಿಟ್ಟ ಸದ್ದು. ತಿರುಗಿದರೆ ಉದ್ದ ಮೂತಿ, ಬೂದು ಬೆನ್ನು, ಬೆನ್ನ ಮೇಲೊಂದು ಗೂನು, ಗೂನಿನ ಮೇಲೆ ಚಿಕ್ಕ ರೆಕ್ಕೆ. ಹಿಂದೂ ಮಹಾಸಾಗರದ ಗೂನು ಡಾಲ್ಫಿನ್. ಬೆನ್ನು ಬಿಲ್ಲಿನ ಹಾಗೆ ಬಾಗಿ ಒಳಗೆ ಇಳಿಯಿತು. ಕೊನೆಯಲ್ಲಿ ಬಾಲ ಮೇಲೆದ್ದು ಮುಳುಗಿತು.

‘ಮಾಮಾ, ಮೀನಿನ ಬಾಲ ನೆಟ್ಟಗೆ ನಿಂತಿರುತ್ತೆ ಅಲ್ವಾ? ಇದರದ್ದು ಯಾಕೆ ಅಡ್ಡ ಮಲಗಿದೆ?’ ಅಂತ ಅಕ್ಕನ ಮಗಳು ಕೇಳಿದಳು. ಅವಳ ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಿಂದ 2023ರಲ್ಲಿ ಜೀವವಿಕಾಸದ ಪಾಠ, ಅಂದರೆ ಜೀವಿಗಳು ತಲೆತಲಾಂತರದಲ್ಲಿ ಬದಲಾಗುತ್ತ ಬಂದ ಕಥೆ, ತೆಗೆದುಹಾಕಿದ್ದರು. ಸರಿ, ದೋಣಿಯಲ್ಲೇ ಆಗಲಿ ಅಂದುಕೊಂಡೆ.

ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬಡಿಯುತ್ತದೆ. ಡಾಲ್ಫಿನ್ ಮೇಲೆ ಕೆಳಗೆ ಬಡಿಯುತ್ತದೆ. ಬೀಚಿನಲ್ಲಿ ನಾಯಿ ಓಡುವುದನ್ನು ನೋಡಿ. ನೆಗೆದಾಗೆಲ್ಲ ಅದರ ಬೆನ್ನು ಮೇಲಕ್ಕೆ ಬಾಗುತ್ತದೆ, ಮತ್ತೆ ಚಾಚಿಕೊಳ್ಳುತ್ತದೆ. ಕಾಲೂರಿ ಓಡುವ ಸಸ್ತನಿಗಳ ಬೆನ್ನುಮೂಳೆ ಬಾಗೋದು ಹಾಗೇ. ಡಾಲ್ಫಿನ್ನಿನ ಪೂರ್ವಜರೂ ನಾಲ್ಕು ಕಾಲಿನ ಸಸ್ತನಿಗಳೇ. ನೀರಿಗೆ ಇಳಿದವು, ಕಾಲು ಹೋದವು, ಆದರೆ ಬೆನ್ನಿನ ಚಾಳಿ ಹೋಗಲಿಲ್ಲ.

ಭಾವ ಸುಮ್ನೆ ಕೂರುವವರಲ್ಲ. ‘ಅದನ್ನ ಯಾರು ನೋಡ್ಯಾರ?’ ಅಂದರು.

ಕೇಳಬೇಕಾದ ಪ್ರಶ್ನೆಯೇ. ಯಾರೂ ನೋಡಿಲ್ಲ. ಆದರೆ ಗುರುತು ಉಳಿದಿದೆ, ಅದೂ ನಮ್ಮ ದೇಶದಲ್ಲೇ. ಜಮ್ಮುವಿನ ಕಾಲಾಕೋಟ್ ಬಳಿ ಎ. ರಂಗರಾವ್ ಎಂಬ ಭೂವಿಜ್ಞಾನಿ ಪಳೆಯುಳಿಕೆ ಇರುವ ಕಲ್ಲುಗಳನ್ನು ಒಟ್ಟುಮಾಡಿದ್ದರು. ಒಂದು ಪ್ರಾಣಿಗೆ ಇಂಡೋಹ್ಯೂಸ್ ಅಂತ ಹೆಸರಿಟ್ಟದ್ದೂ ಅವರೇ. ಅವರು ತೀರಿಕೊಂಡ ಮೇಲೆ ಉಳಿದ ಕಲ್ಲುಗಳನ್ನು ಅವರ ಹೆಂಡತಿ ಹಾನ್ಸ್ ಥೆವಿಸ್ಸೆನ್ ಎಂಬ ವಿಜ್ಞಾನಿಗೆ ಕೊಟ್ಟರು. ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸುವಾಗ ಒಂದು ಇಂಡೋಹ್ಯೂಸ್ ತಲೆಬುರುಡೆಯ ಕಿವಿಮೂಳೆ ಅಕಸ್ಮಾತ್ ಮುರಿಯಿತು. ನೋಡಿದರೆ ಅದರ ಒಂದು ಬದಿ ವಿಪರೀತ ದಪ್ಪ. ಅಂಥ ಕಿವಿ ಇರೋದು ತಿಮಿಂಗಿಲ, ಡಾಲ್ಫಿನ್ ಬಳಗಕ್ಕೆ. ಇಲ್ಲಿ ಇದ್ದದ್ದು ಸುಮಾರು 4.8 ಕೋಟಿ ವರ್ಷ ಹಿಂದಿನ, ಬೆಕ್ಕಿನಷ್ಟೇ ದೊಡ್ಡ, ಗೊರಸಿನ ಪ್ರಾಣಿಗೆ! 2007ರಲ್ಲಿ ಇದು ಪ್ರಕಟವಾಯಿತು. ಇಂಡೋಹ್ಯೂಸ್ ಡಾಲ್ಫಿನ್ನಿನ ಮುತ್ತಜ್ಜನಲ್ಲ. ಆ ಮುತ್ತಜ್ಜನ ದಾಯಾದಿ ಅನ್ನಬಹುದು.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸುವುದು ಗುಜರಾತಿನ ಕಛ್‌ನ ಕಥೆ. ಅಲ್ಲಿ ಕಛಿಸೀಟಸ್ ಎಂಬ ಪುಟ್ಟ ಕಾಲಿನ ಹಳೇ ತಿಮಿಂಗಿಲ ಸಿಕ್ಕಿದೆ. ಅದೇ ಕಛ್‌ನಲ್ಲಿ ಇಕ್ತಿಯೋಸಾರ್ ಕೂಡ ಸಿಕ್ಕಿದೆ, 2017ರಲ್ಲಿ ಅದರ ವಿವರ ಪ್ರಕಟವಾಯಿತು. ಸುಮಾರು 15 ಕೋಟಿ ವರ್ಷ ಹಳೆಯದು. ಇಕ್ತಿಯೋಸಾರ್ ಸರೀಸೃಪ, ಅದರ ಪೂರ್ವಜರೂ ನೆಲದಿಂದ ಕಡಲಿಗೆ ಇಳಿದವರೇ. ಚಿತ್ರ ನೋಡಿದರೆ ಥೇಟ್ ಡಾಲ್ಫಿನ್: ಅದೇ ಮೂತಿ, ಅದೇ ರೆಕ್ಕೆ. ಬಾಲ ಮಾತ್ರ ನೆಟ್ಟಗೆ! ಯಾಕಂದ್ರೆ ಹಲ್ಲಿ, ಮೊಸಳೆಯಂಥ ಸರೀಸೃಪಗಳ ಬೆನ್ನು ಪಕ್ಕಕ್ಕೆ ಬಾಗುವಂಥದ್ದು. ಒಂದೇ ಕಡಲು, ಒಂದೇ ಕೆಲಸ, ಆದರೂ ಬಾಲ ಬೇರೆ. ಹೊಸದಾಗಿ ಕೂತು ಮಾಡಿದವರು ಯಾರಾದರೂ ಇದ್ದಿದ್ದರೆ ಒಂದೇ ಥರ ಮಾಡುತ್ತಿದ್ದರು ಅನಿಸುತ್ತದೆ.

‘ಅಂದ್ರ ಕಾಲು ಪೂರಾ ಹೋದ್ವೇನು?’ ಭಾವ ಈಗ ಮುಂದಕ್ಕೆ ಸರಿದಿದ್ದರು. ಪೂರಾ ಹೋಗಿಲ್ಲ. ಡಾಲ್ಫಿನ್ನಿನ ಮಾಂಸದೊಳಗೆ ಸೊಂಟದ ಮೂಳೆಯ ಚೂರು ಇನ್ನೂ ಇದೆ. ತಾಯ ಹೊಟ್ಟೆಯಲ್ಲಿ ಮರಿಗೆ ಹಿಂಗಾಲಿನ ಮೊಗ್ಗು ಮೂಡಿ, ಕೆಲವೇ ವಾರಗಳಲ್ಲಿ ಕರಗುತ್ತದೆ. ಮೂಗಿನ ಹೊಳ್ಳೆಯೂ ಮೊದಲು ಮೂತಿಯ ತುದಿಯಲ್ಲಿದ್ದು ಆಮೇಲೆ ನೆತ್ತಿಗೆ ಏರುತ್ತದೆ. 2006ರಲ್ಲಿ ಜಪಾನಿನ ತೈಜಿಯಲ್ಲಿ ಸಿಕ್ಕ ಒಂದು ಡಾಲ್ಫಿನ್‌ಗೆ ಹಿಂಗಾಲು ಇರಬೇಕಾದ ಜಾಗದಲ್ಲಿ ಎರಡು ಪುಟ್ಟ ರೆಕ್ಕೆ ಇದ್ದವು. ಡಿಎನ್‌ಎ ನೋಡಿದರೆ ತಿಮಿಂಗಿಲ, ಡಾಲ್ಫಿನ್ ಬಳಗಕ್ಕೆ ಈಗ ಬದುಕಿರುವವರಲ್ಲಿ ಹತ್ತಿರದ ನೆಂಟ ನೀರಾನೆ.

‘ನೀರಾನೀನ? ಈ ತೆಳ್ಳನ ಪ್ರಾಣಿಗಾ?’ ಅಂತ ದೋಣಿಯ ಹುಡುಗ ಜೋರಾಗಿ ನಕ್ಕ. ನೆಂಟಸ್ತಿಕೆಯನ್ನು ಮೈ ನೋಡಿ ಹೇಳೋಕಾಗಲ್ಲ ಅಂತ ಅಕ್ಕ ಭಾವನ ಕಡೆ ನೋಡಿ ಹೇಳಿದಳು.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ದೋಣಿ ಇರೋದಿಲ್ಲ. ಬೆಳಿಗ್ಗೆ ಬೇಗ ಹೋದರೆ ಗದ್ದಲ ಕಮ್ಮಿ. ಒಂದು ಡಾಲ್ಫಿನ್ ಕಂಡರೆ ಸುತ್ತಲಿನ ದೋಣಿಗಳೆಲ್ಲ ಮುತ್ತಿಕೊಳ್ಳುತ್ತವೆ, ನನಗೆ ಅದು ಸರಿ ಕಾಣಲಿಲ್ಲ. ದೂರದಲ್ಲೇ ಎಂಜಿನ್ ನಿಲ್ಲಿಸಿ ಅಂತ ಮೊದಲೇ ಹೇಳಿಬಿಡಿ. ಮತ್ತೆ, ಬೆನ್ನು ಕಂಡ ಕೂಡಲೇ ಫೋಟೊ ಆಯ್ತು ಅಂತ ಮೊಬೈಲ್ ಇಳಿಸಬೇಡಿ. ಬಾಲ ಕಾಣೋದು ಆಮೇಲೆ.