ದಪ್ಪ ಮಗು

ಮಗ ಹುಟ್ಟಿದಾಗ 4 ಕಿಲೋ 200 ಗ್ರಾಂ ಇದ್ದ. ಕಾಸರಗೋಡಿನ ಬದಿಯಡ್ಕದ ಮನೆಗೆ ಇವರು ಫೋನ್ ಮಾಡಿದಾಗ ಅತ್ತೆಯ ದನಿ ನನ್ನ ಮಂಚದವರೆಗೂ ಕೇಳಿಸಿತು. "ನಮ್ಮ ಮನೆಯಲ್ಲಿ ಇಷ್ಟು ದಪ್ಪದ ಮಗು ಯಾರಿಗೂ ಹುಟ್ಟಿಲ್ಲ!" ಮಲಗಿದಲ್ಲೇ ನಾನೂ ನಕ್ಕೆ.

ನಕ್ಕಿದ್ದು ಎಷ್ಟು ಹೊತ್ತು? ನರ್ಸ್ ಬಂದು ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆದಳು. ಶುಗರ್ 32, ತೀರಾ ಕಡಿಮೆ. ಅಷ್ಟರಲ್ಲೇ ಮಗು ಒಂದೇ ಸಮ ಏದುತ್ತಿರುವುದು ಅವಳ ಕಣ್ಣಿಗೆ ಬಿತ್ತು. ವಾಚ್ ನೋಡುತ್ತಾ ಉಸಿರು ಎಣಿಸಿದಳು. ನಿಮಿಷಕ್ಕೆ 70ರ ಮೇಲೆ. "ಪೇಡಿಕ್ಕಂಡ ಚೇಚಿ" ಅಂತ ನನಗೆ ಹೇಳಿ, ಮಗುವನ್ನು ಎತ್ತಿಕೊಂಡು ಹೋದಳು. ಹೆದರಬೇಡಿ ಅಂದವರೇ ಓಡಿದರೆ ಹೆದರದೆ ಇರುವುದು ಹೇಗೆ?

ನನಗೆ ಶುಗರ್ ಇದೆ ಅಂತ ಗೊತ್ತಾಗಿದ್ದು 26ನೇ ವಾರದಲ್ಲಿ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದಿದ್ದರು. ಆಗ ಮೇ ತಿಂಗಳು. ಅಂಗಳದ ತುಂಬ ಬಕ್ಕೆ ಹಲಸು, ಅಡುಗೆಮನೆಯಲ್ಲಿ ದಿನಾ ಹಣ್ಣಿನ ಕೊಟ್ಟಿಗೆ, ಅಂದರೆ ಬೆಲ್ಲ ಹಾಕಿದ ಹಲಸಿನ ಕಡುಬು. ಬಸುರಿ ಆಸೆಪಟ್ಟದ್ದನ್ನು ಇಲ್ಲ ಅನ್ನುವವರು ಯಾರು? ಇನ್ಸುಲಿನ್ ಬರೆದುಕೊಟ್ಟಿದ್ದರು. ಅದು ಮಗುವಿಗೆ ತಾಗುತ್ತದೇನೋ ಅಂತ ವಾರದಲ್ಲಿ ಎರಡು ಮೂರು ಸಲ ತಪ್ಪಿಸಿದ್ದೆ. ಡಾಕ್ಟರರಿಗೆ ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ.

ಮಂಗಳೂರಿನ ಆ ಆಸ್ಪತ್ರೆಯಲ್ಲಿ ಮರುದಿನ ಮಗುವಿನ ಹೃದಯದ ಸ್ಕ್ಯಾನ್, ಎಕೋ ಮಾಡಿದರು. ಹೊರಗೆ ಆಟಿಯ ಮಳೆ. ಮಕ್ಕಳ ಹೃದಯದ ಡಾಕ್ಟರು ನನ್ನ ಮಂಚದ ಬಳಿ ಕುರ್ಚಿ ಎಳೆದು ಕೂತು, ಔಷಧಿ ಚೀಟಿಯ ಹಿಂದೆ ನಾಲ್ಕು ಕೋಣೆಯ ಮನೆಯಂತೆ ಒಂದು ಚಿತ್ರ ಬರೆದರು. ನಡುವಿನ ಗೋಡೆಯ ಮೇಲೆ ಪೆನ್ನು ಮತ್ತೆ ಮತ್ತೆ ಎಳೆದು ಕಪ್ಪು ಮಾಡಿದರು. "ಈ ಗೋಡೆ ದಪ್ಪ ಆಗಿದೆಯಮ್ಮ. 7 ಮಿಲಿಮೀಟರ್ ಇದೆ."

"ಹಾರ್ಟಲ್ಲಿ ತೂತಾ ಸರ್?" ಅಂದೆ. ನಮ್ಮ ಕಡೆ ಮಗುವಿನ ಹೃದಯಕ್ಕೆ ಏನೇ ಆದರೂ ಅದಕ್ಕೆ ತೂತು ಅಂತಲೇ ಹೆಸರು.

"ತೂತಲ್ಲ. ಅದರ ಉಲ್ಟಾ ಅಂತ ಇಟ್ಟುಕೊಳ್ಳಿ."

ಆಮೇಲೆ ಅವರು ಬಿಡಿಸಿ ಹೇಳಿದರು. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದು ಬೀಳುವ ಸಕ್ಕರೆಗೆ ಸರಿಯಾಗಿ ಮಗು ತಾನೇ ಜಾಸ್ತಿ ಇನ್ಸುಲಿನ್ ಮಾಡಿಕೊಳ್ಳುತ್ತದೆ. ಅದು ಕೊಬ್ಬನ್ನೂ ಬೆಳೆಸುತ್ತದೆ, ಹೃದಯದ ಗೋಡೆಯನ್ನೂ ಬೆಳೆಸುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ಮಾತ್ರ ಉಳಿಯಿತು. 32 ಆದದ್ದು ಹಾಗೆ.

ಅಂದರೆ ನಾನು ಹೆದರಿ ತಪ್ಪಿಸಿದ ಇಂಜೆಕ್ಷನ್ ಮಗುವಿನ ಹತ್ತಿರ ಹೋಗುವಂಥದ್ದೇ ಅಲ್ಲ. ಹೋಗುತ್ತಿದ್ದದ್ದು ಕೊಟ್ಟಿಗೆಯ ಬೆಲ್ಲ. ಆಗ ಇವರ ಎದುರಿಗೇ ತಪ್ಪಿಸಿದ್ದನ್ನು ಒಪ್ಪಿಕೊಂಡೆ. ಡಾಕ್ಟರು ಬೈಯಲಿಲ್ಲ. ಎಲ್ಲ ಸರಿ ಮಾಡಿದವರ ಮಕ್ಕಳಿಗೂ ಕೆಲವೊಮ್ಮೆ ಹೀಗಾಗುತ್ತದೆ ಅಂದರು. ಇವರು ಕಿಟಕಿಯ ಆಚೆ ಮಳೆ ನೋಡುತ್ತಾ ನಿಂತರು.

ಗೋಡೆ ತೀರಾ ದಪ್ಪವಾಗಿ ರಕ್ತ ಹೊರಗೆ ಹೋಗುವ ದಾರಿಗೇ ಅಡ್ಡ ಬಂದರೆ ಔಷಧಿ ಬೇಕಂತೆ. ನಮ್ಮದು ಅಷ್ಟಕ್ಕೆ ಹೋಗಿರಲಿಲ್ಲ. ಇನ್ನು ಸಕ್ಕರೆ ಬರುವುದಿಲ್ಲವಲ್ಲ, ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ ಅಂದರು.

ಐದು ದಿನ ಮಗು ಐಸಿಯುನಲ್ಲಿ. ಕೈಗೆ ಗ್ಲೂಕೋಸ್ ಡ್ರಿಪ್. ಹಿಮ್ಮಡಿ ಎರಡರಲ್ಲೂ ಸಾಸಿವೆಯಷ್ಟು ಸಾಸಿವೆಯಷ್ಟು ಕಲೆಗಳು. ಜೇನು ನೆಕ್ಕಿಸಿದರೆ ಶುಗರ್ ಏರುತ್ತದಲ್ವಾ ಅಂತ ಅತ್ತೆ ಊರಿಂದ ಸಣ್ಣ ಬಾಟಲಿ ಕಳಿಸಿದ್ದರು. ವರ್ಷ ತುಂಬುವವರೆಗೆ ಜೇನು ಮುಟ್ಟಿಸಬೇಡಿ ಅಂತ ನರ್ಸ್ ಅದನ್ನು ನನ್ನ ಚೀಲಕ್ಕೇ ವಾಪಸ್ ಹಾಕಿದಳು. ನಾನು ಹಾಲು ಹಿಂಡಿ ಕೊಡುತ್ತಿದ್ದೆ. ಮೊದಲು ಒಂದು ಚಮಚವೂ ತುಂಬುತ್ತಿರಲಿಲ್ಲ.

ರಾತ್ರಿ ನಿದ್ದೆ ಬಾರದಾಗ ಕೇರಳದ ಗಡಿಯ ತಲಪಾಡಿ ನೆನಪಾಗುತ್ತಿತ್ತು. 2020ರ ಲಾಕ್‌ಡೌನಿನಲ್ಲಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದು, ಮಂಗಳೂರಿಗೆ ಹೋಗಬೇಕಿದ್ದ ಕಾಸರಗೋಡಿನ ರೋಗಿಗಳು ಈಚೆಯೇ ಉಳಿದ ದಿನಗಳು. ಈ ಮಗು ಆಗ ಹುಟ್ಟಿದ್ದರೆ? ಸುಮ್ನೆ ಯೋಚನೆ. ಆದರೂ ಬರುತ್ತಿತ್ತು.

ಪೆರ್ಲದಲ್ಲಿರುವ ನಾದಿನಿಗೆ ಮದುವೆಗೆ ಮೊದಲೇ ಶುಗರ್ ಇದೆ. ಅವಳ ವಿಷಯವನ್ನೂ ಡಾಕ್ಟರ ಹತ್ತಿರ ಕೇಳಿಬಿಟ್ಟೆ. ಅವಳದ್ದು ಬೇರೆ ಲೆಕ್ಕ ಅಂದರು. ಹೃದಯ ರೂಪ ತಳೆಯುವುದು ಮೊದಲ 8 ವಾರದಲ್ಲಿ. ಎಷ್ಟೋ ಜನರಿಗೆ ಬಸುರಿ ಅಂತ ಗೊತ್ತಾಗುವುದೇ ಅಷ್ಟರೊಳಗೆ ಎಲ್ಲೋ. ಆಗ ಸಕ್ಕರೆ ಜಾಸ್ತಿ ಇದ್ದರೆ ನಿಜವಾಗಿ ತೂತಾಗಬಹುದು, ದೊಡ್ಡ ರಕ್ತನಾಳಗಳು ಅದಲುಬದಲಾಗಬಹುದು. ಹಾಗಾಗಿ ಮಗು ಬೇಕು ಅನ್ನುವ ಮೊದಲೇ ಶುಗರ್ ಹತೋಟಿಗೆ ಬರಬೇಕು, ಐದನೇ ತಿಂಗಳ ಹೊತ್ತಿಗೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಎಕೋ ಆಗಬೇಕು. ಅವಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಅತ್ತಿಗೆ, ಈಗಲೇ ಯಾಕೆ ಹೆದರಿಸ್ತೀರಿ" ಅಂದಳು. ಮರುವಾರ ಅವಳೇ ಮೂರು ತಿಂಗಳ ಸರಾಸರಿ ಶುಗರಿನ ರಿಪೋರ್ಟ್ ವಾಟ್ಸಾಪ್ ಮಾಡಿದಳು.

ನವೆಂಬರಿನಲ್ಲಿ ಮತ್ತೆ ಎಕೋ. ಎದೆಗೆ ತಣ್ಣನೆಯ ಜೆಲ್ ತಾಗಿದ್ದೇ ಮಗ ಕಾಲು ಝಾಡಿಸಿ ಕಿರುಚಿದ. ಡಾಕ್ಟರು ಅಳತೆ ಹಾಕಿ, ಇನ್ನೊಮ್ಮೆ ಹಾಕಿ, "4" ಅಂದರು.

ಇವರು ಹೊರಗೆ ಓಡಿ ಫೋನ್ ಹಚ್ಚಿದರು. "ಅಮ್ಮಾ, ದಪ್ಪ ಇಳಿದಿದೆ!"

ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತೆಯ ದನಿ: "ಅಯ್ಯೋ, ಹಾಲು ಸಾಕಾಗುವುದಿಲ್ಲವಾ ಮಗುವಿಗೆ?"