ಹೊರಗೆ ಕೊಡುವ ಮೊದಲು ಫೈಲ್ ಎಲ್ಲಿ ನಿಲ್ಲುತ್ತದೆ ನೋಡಿ

ಗಾಂಧಿನಗರದ ನಮ್ಮ ವಕೀಲರ ಆಫೀಸಿನಲ್ಲಿ ಆಸ್ತಿ ದಾಖಲೆ ನೋಡುವ ಕೆಲಸವೇ ಜಾಸ್ತಿ. ಜಮೀನು ಕೊಳ್ಳುವವರು ಕಾಗದಪತ್ರ ತರುತ್ತಾರೆ, ನಮ್ಮ ವಕೀಲರು ಓದಿ ಲೀಗಲ್ ಒಪೀನಿಯನ್ ಕೊಡುತ್ತಾರೆ. ತಡ ಆಗ್ತಿದೆ ಅನ್ನೋ ದೂರು ಹೆಚ್ಚಾದಾಗ, ಒಂದಷ್ಟು ಕೆಲಸ ಹೊರಗಿನ ಕಂಪನಿಗೆ ಕೊಡೋಣ ಅಂತ ಮಾತು ಬಂತು. ಆಫೀಸಿನ ಆಡಳಿತ ನನ್ನದು. ಮೊದಲು ಫೈಲ್ ಎಲ್ಲಿ ನಿಲ್ಲುತ್ತದೆ ನೋಡೋಣ ಅಂದೆ.

ವಕೀಲರ ಮೇಜಿನ ಮೇಲೆ ಅದು ನಿಲ್ಲುತ್ತಲೇ ಇರಲಿಲ್ಲ. ಪಹಣಿ ಬಂದಮೇಲೆ ಮ್ಯುಟೇಷನ್ (ಮಾಲೀಕರ ಹೆಸರು ಬದಲಾದ ದಾಖಲೆ) ಕೇಳುವುದು, ಆಮೇಲೆ ವಂಶವೃಕ್ಷ, ಆಮೇಲೆ ಕಂದಾಯ ರಸೀದಿ. ಪಾರ್ಟಿ ಪ್ರತಿ ಸಲ ಓಡಾಡಬೇಕು. ಇ.ಸಿ., ಅಂದರೆ ಜಮೀನಿನ ಮೇಲೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ, ಅದರ ಕಥೆ ಇನ್ನೂ ಕಷ್ಟ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆನ್‌ಲೈನ್ ಸಿಗುತ್ತದೆ. ಅದರ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಪುಸ್ತಕ ಹುಡುಕಿಸಬೇಕು. ಆ ಅರ್ಜಿ ಹೋಗುತ್ತಿದ್ದದ್ದೇ ಕೊನೆಗೆ.

ಈಗ ಮೊದಲ ಭೇಟಿಯಲ್ಲೇ ಪೂರ್ತಿ ಪಟ್ಟಿ ಕೊಡುತ್ತೇವೆ. ಹಳೇ ಇ.ಸಿ. ಅರ್ಜಿ ಅವತ್ತೇ ಹೋಗುತ್ತದೆ. ತಡ ಆಗುತ್ತಿದ್ದದ್ದು ಬಹುಪಾಲು ಇಷ್ಟಕ್ಕೇ ಸರಿಹೋಯಿತು, ಯಾರಿಗೂ ಒಂದು ರೂಪಾಯಿ ಕೊಡದೆ.

ಆಮೇಲೆ ಹೊರಗೆ ಕೊಟ್ಟದ್ದು ಸ್ಕ್ಯಾನಿಂಗ್, ಟೈಪಿಂಗ್, ಪತ್ರಗಳನ್ನು ತಾರೀಖಿನ ಪ್ರಕಾರ ಟೇಬಲ್‌ಗೆ ಹಾಕುವುದು. ಕೆಲಸ ಚೆನ್ನಾಗಿಯೇ ಬಂತು. ಪುಟದ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಬೇಡದ ರಸೀದಿಯೂ ಟೈಪ್ ಆಗಿ ಬರುತ್ತದೆ, ಫೈಲ್ ಲೆಕ್ಕದಲ್ಲಿ ಕೊಟ್ಟರೆ ಅವಸರ ಮಾಡುತ್ತಾರೆ. ಯಾವ ಪತ್ರ ಬೇಕು ಅಂತ ನಾವೇ ಗುರುತು ಹಾಕಿ, ಪುಟದ ಲೆಕ್ಕ ಉಳಿಸಿಕೊಂಡೆವು.

ದೇವನಹಳ್ಳಿ ಕಡೆಯ ಒಂದು ಜಮೀನಿನ ಫೈಲ್ ಹೇಳಲೇಬೇಕು. 2011ರ ಕ್ರಯಪತ್ರ. ನೋಂದಣಿ ಸರಿ, ಇ.ಸಿ. ಹೊಂದುತ್ತದೆ, ಸರ್ವೆ ನಂಬರ್ ಸರಿ. ಟೇಬಲ್‌ನಲ್ಲಿ ಎಲ್ಲಕ್ಕೂ ಟಿಕ್. ನಮ್ಮ ಜೂನಿಯರ್ ವಕೀಲೆ ವಂಶವೃಕ್ಷವನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದಳು. "ಮೇಡಂ, ಅಪ್ಪ, ಇಬ್ಬರು ಗಂಡುಮಕ್ಕಳು ಸಹಿ ಹಾಕಿದ್ದಾರೆ. ಮಗಳ ಸಹಿನೇ ಇಲ್ಲ" ಅಂದಳು. ಅದು ಪಿತ್ರಾರ್ಜಿತ ಜಮೀನು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಆ ಜಮೀನು ಹಾಗೇ ಕೊಂಡಿದ್ದರೆ ನಾಳೆ ಮಗಳು ಪಾಲು ಕೇಳಿ ದಾವೆ ಹಾಕಬಹುದಿತ್ತು.

ಇದರಲ್ಲಿ ಟೈಪ್ ಮಾಡಿದವರ ತಪ್ಪಿಲ್ಲ. ಪತ್ರದಲ್ಲಿ ಇದ್ದದ್ದನ್ನು ಅವರು ಬರೆದರು. ಇಲ್ಲದ್ದನ್ನು ಕಾಣಲು ಕಾನೂನು ಗೊತ್ತಿರಬೇಕು, ಕುಟುಂಬಗಳೂ ಗೊತ್ತಿರಬೇಕು. ಟೇಬಲ್‌ಗೆ "ಯಾರು ಸಹಿ ಮಾಡಿಲ್ಲ" ಅಂತ ಒಂದು ಕಾಲಂ ಸೇರಿಸಿದೆವು. ಅದನ್ನು ತುಂಬುವುದು ಮಾತ್ರ ನಮ್ಮ ವಕೀಲರೇ.

ಗುಟ್ಟಿನ ವಿಷಯದಲ್ಲಿ ನಾನು ತುಂಬಾ ಬಿಗಿ. ಪಾರ್ಟಿ ಹೇಳಿದ್ದನ್ನು ವಕೀಲರು ಹೊರಗೆ ಬಿಡಬಾರದು ಅನ್ನೋ ಕಟ್ಟುಪಾಡು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಗುಮಾಸ್ತರು, ನೌಕರರಿಗೂ ಅದು ಅನ್ವಯ. ಹೊರಗಿನ ಕಂಪನಿಯ ಹೆಸರು ಅಲ್ಲಿ ನೇರವಾಗಿ ಇಲ್ಲ. ಹಾಗಾಗಿ ಕರಾರಿನಲ್ಲೇ ಎಲ್ಲ ಬರೆಸಿಕೊಂಡೆವು. ಆಧಾರ್, ಫೋನ್ ನಂಬರ್ ಅಳಿಸಿಯೇ ಕಳಿಸುತ್ತೇವೆ. ಪಾರ್ಟಿಯ ಒಪ್ಪಿಗೆಯನ್ನೂ ಮೊದಲೇ ತಗೋತೀವಿ. ಒಪ್ಪದವರ ಫೈಲ್ ನಮ್ಮಲ್ಲೇ ಟೈಪ್ ಆಗುತ್ತದೆ. ಸ್ವಲ್ಪ ಜಾಸ್ತಿ ಸಮಯ ಬೇಕು ಅಂತ ಅವರಿಗೆ ಅವತ್ತೇ ಹೇಳಿಬಿಡುತ್ತೇವೆ.